ಮಗ್ಗಲ ಬಣವಿಗೆ ನೀರು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ, ಅರಣ್ಯ ಇಲಾಖೆಯಿಂದ ನಿವೃತ್ತರಾದ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಗೋಷ್ಠಿಯವರು ನನಗೆ ಕೊಟ್ಟ ವಿಷಯ ‘ಕಾಡ್ಗಿಚ್ಚು ಮತ್ತು ಅದನ್ನು ನಂದಿಸುವ ಕೆಲಸ’. ಪತ್ರ ಓದಿ ನನಗೆ ನಗು ಬಂತು. ಇಟ್ಟಂಗಿಹಾಳದಲ್ಲಿ ನಿಂತು ಕಾಡಿನ ಬೆಂಕಿಯ ಬಗ್ಗೆ ಏನು ಮಾತಾಡುವುದು? ರಾಜ್ಯದಲ್ಲಿ ಅತಿ ಕಡಿಮೆ ಕಾಡಿರುವ ಜಿಲ್ಲೆ ಯಾವುದು ಎಂದು ಕೇಳಿದರೆ ವಿಜಯಪುರದ ಹೆಸರು ಹೇಳುತ್ತಾರೆ. ನಾನು ಈ ಶಾಲೆಯಲ್ಲಿ ಓದುವಾಗ ಕಾಡು ಎಂದರೆ ಸಮಾಜ ಪುಸ್ತಕದೊಳಗಿನ ಒಂದು ಚಿತ್ರ. ಊರ ಸುತ್ತ ಬೇವು, ಬನ್ನಿ, ಜಾಲಿ ಇದ್ದವು. ಅದರಾಚೆ ಎರಿ ಹೊಲ, ಬಿಳಿಜೋಳ, ಬಯಲು. ನೌಕರಿ ಸಿಕ್ಕು ಮೊದಲ ಸಲ ಬಂಡೀಪುರಕ್ಕೆ ಹೋದಾಗ, ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿ ‘ಇಷ್ಟೊಂದು ಗಿಡ ಯಾರು ಹಚ್ಚಿದರು’ ಎಂದು ಪಕ್ಕದವನನ್ನು ಕೇಳಿದ್ದೆ. ಆತ ಬಹಳ ದಿನ ನಕ್ಕ.

ಆದರೆ ಬೆಂಕಿ ನಮಗೆ ಹೊಸದಲ್ಲ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಡೆದದ್ದನ್ನು ನನ್ನ ವಾರಿಗೆಯವರು ಮರೆತಿರಲಾರರು. ಸುಗ್ಗಿ ಮುಗಿದಿತ್ತು, ಮಧ್ಯಾಹ್ನದ ಬಿಡುವಿನ ಹೊತ್ತು. ಊರ ಹೊರಗೆ ಸಾಲಾಗಿ ನಿಂತಿದ್ದ ಕಣಿಕಿ ಬಣವಿಗಳಲ್ಲಿ ಒಂದಕ್ಕೆ ಬೆಂಕಿ ಬಿತ್ತು. ಗುರುಗಳೇ ‘ಓಡ್ರಿ’ ಎಂದರು. ಕೊಡ, ಬಕೆಟ್ಟು, ಕೈಗೆ ಸಿಕ್ಕಿದ್ದು ಹಿಡಿದು ಓಡಿದೆವು. ಬಾವಿಯಿಂದ ನೀರು ಸೇದಿ ಸೇದಿ ಉರಿಯುವ ಬಣವಿಗೆ ಚೆಲ್ಲುತ್ತಿದ್ದೆವು. ಅದು ಚುಂಯ್ ಎನ್ನುತ್ತಿತ್ತು, ಮತ್ತೆ ಉರಿಯುತ್ತಿತ್ತು. ಆಗ ಒಬ್ಬ ಮುತ್ಯಾ ಕೋಲು ಊರಿಕೊಂಡು ಬಂದವರೇ ನಮ್ಮನ್ನು ಬೈದರು: “ಏ ಹುಡುಗೂರಾ, ಉರಿಯೂದಕ್ಕ ಯಾಕ ನೀರ ಹಾಕ್ತೀರಿ? ಅದು ಹೋತು. ಮಗ್ಗಲ ಬಣವಿಗೆ ಹಾಕ್ರೀ! ನಡು ಇರೂ ಕಣಿಕಿ ಜಗ್ಗಿ ತಗೀರಿ!” ದೊಡ್ಡವರು ಕುಡಗೋಲು ತಂದು ನಡುವಿನ ಜಾಗದಲ್ಲಿ ಬಿದ್ದಿದ್ದ ಕಣಿಕಿ, ಹೊಟ್ಟು ಎಲ್ಲ ಕೆರೆದು ನೆಲ ಬತ್ತಲೆ ಮಾಡಿದರು. ನಾವು ಮಗ್ಗಲ ಬಣವಿ ತೋಯಿಸಿದೆವು. ಒಂದು ಬಣವಿ ಬೂದಿಯಾಯಿತು, ಉಳಿದ ಆರೋ ಏಳೋ ಉಳಿದವು.

ಮುಂದೆ ಇಲಾಖೆಯಲ್ಲಿ ತರಬೇತಿ ಪಡೆದೆ, ದೊಡ್ಡ ದೊಡ್ಡ ಅಧಿಕಾರಿಗಳ ಪಾಠ ಕೇಳಿದೆ. ಬೆಂಕಿಗೆ ಮೂರು ಬೇಕು, ಉರಿಯುವ ವಸ್ತು, ಗಾಳಿ, ಶಾಖ, ಇವುಗಳಲ್ಲಿ ಒಂದನ್ನು ತೆಗೆದರೆ ಬೆಂಕಿ ಸಾಯುತ್ತದೆ ಎಂದು ಹಲಗೆಯ ಮೇಲೆ ತ್ರಿಕೋನ ಬರೆದು ತೋರಿಸಿದರು. ಕಾಡಿನಲ್ಲಿ ಗಾಳಿಯನ್ನು ತಡೆಯಲಾಗದು, ಶಾಖ ತಗ್ಗಿಸುವಷ್ಟು ನೀರು ಒಯ್ಯಲಾಗದು. ಉಳಿದದ್ದು ಒಂದೇ, ಉರಿಯುವ ವಸ್ತುವನ್ನು ದಾರಿಯಿಂದ ತೆಗೆಯುವುದು. ಮುತ್ಯಾ ಹೇಳಿದ್ದು ಅದನ್ನೇ.

ಬಂಡೀಪುರದ ಬಗ್ಗೆ ಸ್ವಲ್ಪ ಹೇಳುತ್ತೇನೆ, ನೋಡದವರಿಗಾಗಿ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಮಗ್ಗುಲಿಗೆ ಶುರುವಾಗುವ ಈ ಕಾಡು, ಒಂದು ಕಡೆ ನಾಗರಹೊಳೆಗೆ, ಇನ್ನೊಂದು ಕಡೆ ತಮಿಳುನಾಡಿನ ಮುದುಮಲೈಗೆ, ಮತ್ತೊಂದು ಕಡೆ ಕೇರಳದ ವಯನಾಡಿಗೆ ಹೊಂದಿಕೊಂಡಿದೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಇದು ಮಲೆನಾಡಿನ ಹಾಗೆ ಸದಾ ಹಸಿರಾಗಿರುವ ಕಾಡಲ್ಲ. ತೇಗ, ಮತ್ತಿ, ದಿಂಡಿಗ, ಬಿದಿರು, ನಡುವೆ ಎದೆಮಟ್ಟದ ಹುಲ್ಲು. ಡಿಸೆಂಬರಿನಿಂದ ಎಲೆ ಉದುರತೊಡಗುತ್ತದೆ. ಫೆಬ್ರವರಿಗೆ ನೆಲದ ಮೇಲೆ ಪಾದ ಮುಳುಗುವಷ್ಟು ತರಗು. ಹುಲ್ಲು ನಮ್ಮ ಕಣಿಕಿಯ ಹಾಗೆ ಒಣಗಿ ನಿಂತಿರುತ್ತದೆ. ಇದರ ಜೊತೆ ಲಂಟಾನ ಎಂಬ ಪೊದೆ. ಚಂದದ ಹೂ ಬಿಡುತ್ತದೆಂದು ಬ್ರಿಟಿಷರು ಅಮೆರಿಕದ ಕಡೆಯಿಂದ ತೋಟದ ಅಲಂಕಾರಕ್ಕೆ ತಂದದ್ದು, ಇವತ್ತು ಕಾಡಿನ ಒಳಹೊಟ್ಟೆಯನ್ನೆಲ್ಲ ತುಂಬಿಕೊಂಡಿದೆ. ಹುಲ್ಲಿನ ಬೆಂಕಿ ಮೊಣಕಾಲೆತ್ತರ ಹರಿದು ಹೋಗುತ್ತದೆ. ಲಂಟಾನ ಸಿಕ್ಕರೆ ಅದೇ ಏಣಿ ಹತ್ತಿದಂತೆ ಮೇಲಕ್ಕೇರಿ ಮರದ ಕೊಂಬೆ ಹಿಡಿಯುತ್ತದೆ.

ಬೆಂಕಿ ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ಬಹಳ ಬೇಗ ಹೋಗುತ್ತದೆ. ನೀರಿನ ಗುಣಕ್ಕೆ ಇದರ ಗುಣ ಉಲ್ಟಾ. ಏರು ಹತ್ತು ಡಿಗ್ರಿ ಹೆಚ್ಚಾದರೆ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಲೆಕ್ಕ ನಮಗೆ ಕಲಿಸಿದ್ದರು. ಮೇಲಿನ ಹುಲ್ಲು ಕೆಳಗಿನ ಉರಿಯ ಶಾಖಕ್ಕೇ ಒಣಗಿ ತಯಾರಾಗಿ ಕೂತಿರುತ್ತದೆ. ಆದ್ದರಿಂದ ಬೆಂಕಿಯ ಎದುರು ಗುಡ್ಡ ಹತ್ತಿ ಓಡಬಾರದು. ಓಡುವುದಾದರೆ ಈಗಾಗಲೇ ಸುಟ್ಟು ಕರಿಯಾದ ನೆಲಕ್ಕೆ ಓಡಬೇಕು. ಅಲ್ಲಿ ಉರಿಯಲು ಏನೂ ಉಳಿದಿರುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಒಮ್ಮೆ ಗಾಳಿ ಸಟ್ಟನೆ ತಿರುಗಿದಾಗ ನನ್ನ ಕಾಲು ಪುಸ್ತಕದ ಮಾತು ಕೇಳಲಿಲ್ಲ. ನಾವು ಎದುರು ಬೆಂಕಿ ಕೊಟ್ಟಿದ್ದೆವು. ಅಂದರೆ ಬರುವ ಬೆಂಕಿಗೆ ಎದುರಾಗಿ ನಾವೇ ಒಂದು ಪಟ್ಟಿ ಸುಡುವುದು, ಎರಡೂ ಕೂಡಿದಾಗ ತಿನ್ನಲು ಏನೂ ಸಿಗದೆ ಆರುತ್ತದೆ. ಗಾಳಿಯ ಅಂದಾಜು ತಪ್ಪಿದ್ದು ನನ್ನದೇ. ನಾವು ಕೊಟ್ಟ ಬೆಂಕಿ ನಮ್ಮ ಕಡೆಗೇ ಬಂತು. ನಾನು ಹಸಿರು ಕಂಡ ಕಡೆಗೆ ಹೊರಟೆ. ಜೊತೆಗಿದ್ದ ಜೇನುಕುರುಬರ ವಾಚರ್ ಒಬ್ಬರು ನನ್ನ ಅಂಗಿ ಹಿಡಿದು ಜಗ್ಗಿ, ಹೊಗೆಯಾಡುತ್ತಿದ್ದ ಬೂದಿಯೊಳಕ್ಕೆ ನೂಕಿದರು. ಬೂಟಿನ ತಳ ಕರಗಿತು, ನಾನು ಉಳಿದೆ. ಅವರು ಶಾಲೆಯ ಮುಖ ನೋಡಿದವರಲ್ಲ. ಈ ಶಾಲೆಯ ವೇದಿಕೆಯ ಮೇಲೆ ನಿಂತು ಅವರನ್ನು ನೆನೆಯಬೇಕು ಎನಿಸಿತು.

ಎಲ್ಲರೂ ಉಳಿಯಲಿಲ್ಲ. 2017ರ ಫೆಬ್ರವರಿ 18ರಂದು ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕ ಮುರಿಗೆಪ್ಪ ತಮ್ಮನಗೋಳ ಅಲ್ಲೇ ತೀರಿಕೊಂಡರು. ಇನ್ನೂ ಮೂವತ್ತು ತುಂಬದ ಹುಡುಗ. ಮುರಿಗೆಪ್ಪ ಎಂಬ ಹೆಸರು ಕೇಳಿದರೇ ನಿಮಗೆ ಗೊತ್ತಾಗುತ್ತದೆ, ಅದು ನಮ್ಮ ಕಡೆಯ ಹೆಸರು. ಬಯಲುಸೀಮೆಯ ಮಕ್ಕಳು ನೌಕರಿ ಹುಡುಕಿಕೊಂಡು ಹೋಗಿ ಆ ಕಾಡು ಕಾಯುತ್ತಾರೆ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಬೆಂಕಿಯಲ್ಲಿ ಸುಟ್ಟ ಗಾಯಗಳಿಂದ ಸುಂದರೇಶ್ ಎಂಬ ಅರಣ್ಯ ರಕ್ಷಕರೂ ತೀರಿಕೊಂಡರು. ಇಬ್ಬರೂ ಫೆಬ್ರವರಿಯಲ್ಲೇ.

ಇನ್ನು 2019. ಆ ಫೆಬ್ರವರಿಯ ಬೆಂಕಿಯನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಆಗ ನಾನು ಬೇರೆ ವಿಭಾಗದಲ್ಲಿದ್ದೆ. ಸುತ್ತಲಿನ ವಿಭಾಗಗಳಿಂದ ಸಿಬ್ಬಂದಿಯನ್ನು ಕರೆಸಿದಾಗ ನಮ್ಮ ತಂಡವೂ ಹೋಯಿತು. ಫೆಬ್ರವರಿ 21ರ ಸುಮಾರಿಗೆ ಕಾಣಿಸಿಕೊಂಡ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ಕಡೆ ಹಬ್ಬಿ, ಬೆಟ್ಟದ ಹುಲ್ಲು ಹಿಡಿದು, ಗಾಳಿಗೆ ಕಿಡಿ ಹಾರಿ ರಸ್ತೆಗಳನ್ನೂ ದಾಟಿತು. ಐದಾರು ದಿನಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಹೋಯಿತು. ಇಟ್ಟಂಗಿಹಾಳ ಮತ್ತು ಸುತ್ತಲಿನ ಕೆಲವು ಊರುಗಳ ಹೊಲಗಳನ್ನೆಲ್ಲ ಒಂದೆಡೆ ಸೇರಿಸಿ ಊಹಿಸಿಕೊಳ್ಳಿ. ಆನೆ, ಕಾಟಿ, ಜಿಂಕೆ ಓಡಿಹೋಗುತ್ತವೆ. ಆಮೆ ಓಡುವುದಿಲ್ಲ. ನೆಲದ ಮೇಲೆ ಮೊಟ್ಟೆಯಿಟ್ಟ ಹಕ್ಕಿ ಹಾರಿಹೋದರೂ ಮೊಟ್ಟೆ ಅಲ್ಲೇ ಇರುತ್ತದೆ. ಬೆಂಕಿ ಹೋದ ಮೇಲೆ ನಡೆದಾಡಿದರೆ ಸಿಗುವುದು ಇಂಥ ಸಣ್ಣ ಜೀವಗಳೇ.

ನಮ್ಮ ಕೈಯಲ್ಲಿ ಇದ್ದದ್ದು ಏನು? ಹಸಿ ಸೊಪ್ಪಿನ ಕೊಂಬೆ, ಮಚ್ಚು, ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಪಂಪು (ದ್ರಾಕ್ಷಿಗೆ ಔಷಧ ಹೊಡೆಯುತ್ತೀರಲ್ಲ, ಅಂಥದ್ದೇ), ಮತ್ತು ತರಗನ್ನು ಊದಿ ದೂರ ಮಾಡುವ ಕೆಲವು ಯಂತ್ರಗಳು. ಮೈಸೂರು, ಬೆಂಗಳೂರಿನಿಂದ ನೂರಾರು ಹುಡುಗರು ತಾವಾಗಿಯೇ ಬಂದರು. ಊಟ, ನೀರು, ಮಜ್ಜಿಗೆ ತಂದವರೂ ಬಂದರು. ಕೊನೆಗೆ 25ರಂದು ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಕೆರೆಯ ನೀರನ್ನು ದೊಡ್ಡ ಚೀಲದಂಥ ಬಕೆಟ್ಟಿನಲ್ಲಿ ಮೊಗೆದು ಉರಿಯ ಮೇಲೆ ಸುರಿದವು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಾವು ಕಾಲಿಡಲಾಗದ ಕಡಿದಾದ ಜಾಗದಲ್ಲಿ ಅದು ಬಹಳ ಉಪಕಾರವಾಯಿತು. ಆದರೆ ಮೇಲಿನಿಂದ ಬಿದ್ದ ನೀರಿನಲ್ಲಿ ಒಂದಿಷ್ಟು ಶಾಖಕ್ಕೇ ಆವಿಯಾಗುತ್ತದೆ. ಮೊದ್ದಿನೊಳಗೆ, ಬೇರಿನೊಳಗೆ ಕೆಂಡ ಹಾಗೇ ಉಳಿದಿರುತ್ತದೆ. ಹೆಲಿಕಾಪ್ಟರ್ ಹೋದ ಮೇಲೆ ಮತ್ತೆ ಸೊಪ್ಪು ಹಿಡಿದ ಮನುಷ್ಯನೇ ಅಲ್ಲಿಗೆ ನಡೆದು ಹೋಗಿ ಒಂದೊಂದೇ ಮೊದ್ದನ್ನು ತಿರುವಿ, ಮಣ್ಣು ಮುಚ್ಚಿ ಬರಬೇಕು. ಟಿವಿಯವರು ಅಷ್ಟು ಹೊತ್ತಿಗೆ ಹೊರಟುಹೋಗಿದ್ದರು.

ಅದೇ ವಾರದ ಇನ್ನೊಂದು ಸಂಗತಿ. ಫೆಬ್ರವರಿ 23ರ ಶನಿವಾರ, ಬೆಂಗಳೂರಿನ ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆಯುತ್ತಿದ್ದಾಗ, ಕಾರು ನಿಲ್ಲಿಸಿದ್ದ ಮೈದಾನದ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. ಪಕ್ಕದಲ್ಲೇ ವಾಯುನೆಲೆ, ಸುತ್ತ ರಾಜಧಾನಿ. ಹುಲ್ಲಿಗೆ ಇದು ಕಾಡು, ಇದು ಪಟ್ಟಣ ಎಂಬ ಭೇದವಿಲ್ಲ.

ನೀರಿದ್ದರೆ ಎಲ್ಲ ಆಗುತ್ತಿತ್ತು ಎಂದು ಅನೇಕರು ಹೇಳುತ್ತಾರೆ. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಏನಾಯಿತೆಂದು ನೋಡಿ. ಜಗತ್ತಿನ ಶ್ರೀಮಂತ ಊರುಗಳಲ್ಲಿ ಒಂದು, ಬೀದಿ ಬೀದಿಗೆ ಬೆಂಕಿಗೆಂದೇ ಹಾಕಿದ ನೀರಿನ ನಳ, ವಿಮಾನ, ಹೆಲಿಕಾಪ್ಟರ್, ಎಲ್ಲ ಉಂಟು. ಗುಡ್ಡದಿಂದ ಒಣ ಗಾಳಿ ಬೀಸಿತು, ಗಾಳಿಯ ಜೋರಿಗೆ ವಿಮಾನ ಹಾರಲಾಗಲಿಲ್ಲ. ಪೆಸಿಫಿಕ್ ಪ್ಯಾಲಿಸೇಡ್ಸ್ ಎಂಬ ಬಡಾವಣೆಯಲ್ಲಿ ಎಲ್ಲ ಕಡೆ ಒಮ್ಮೆಲೇ ನೀರು ಎಳೆದದ್ದರಿಂದ ಮೇಲಿನ ಬೀದಿಗಳ ನಳಗಳು ಒಣಗಿದವು. ಸಾವಿರಾರು ಮನೆ ಹೋದವು. ಬೆಂಕಿ ಒಂದು ಅಳತೆ ಮೀರಿತೆಂದರೆ ದುಡ್ಡಿದ್ದ ಊರಿನವರೂ ನಮ್ಮ ಹಾಗೇ ಕೈಕಟ್ಟಿ ನಿಲ್ಲಬೇಕು. ಅದು ಅಳತೆ ಮೀರುವ ಮೊದಲೇ ಮಾಡುವ ಕೆಲಸವೇ ಕೆಲಸ.

ಆ ಕೆಲಸ ಬೇಸಿಗೆಯದ್ದಲ್ಲ, ಚಳಿಗಾಲದ್ದು. ಡಿಸೆಂಬರ್, ಜನವರಿಯಲ್ಲಿ ಹುಲ್ಲು ಅರೆಹಸಿ ಇರುವಾಗ ಕಾಡಿನ ರಸ್ತೆ, ಗಡಿ, ವಲಯ ವಲಯಗಳ ನಡುವೆ ಪಟ್ಟಿಗಳನ್ನು ಕೆರೆಯುತ್ತೇವೆ. ಬೆಂಕಿ ರೇಖೆ ಎನ್ನುತ್ತಾರೆ. ಕೆಲವು ಕಡೆ ಎರಡು ಮಾರು ಅಗಲ, ಹೆದ್ದಾರಿಯ ಮಗ್ಗುಲಿಗೆ ಇನ್ನೂ ಅಗಲ. ಎರಡು ಬದಿ ಕೆರೆದು, ನಡುವಿನ ಹುಲ್ಲನ್ನು ಮಂಜು ಆರುವ ಹೊತ್ತಿನಲ್ಲಿ ಅಥವಾ ಸಂಜೆ ತಂಪಿನಲ್ಲಿ ಜನ ನಿಂತು ಕಾದು ಸುಡುತ್ತೇವೆ. ನಿಮ್ಮ ಬಣವಿಗಳ ನಡುವಿನ ಬತ್ತಲೆ ನೆಲವೇ ಅದು, ಮೈಲಿಗಟ್ಟಲೆ ಉದ್ದ, ಅಷ್ಟೇ ವ್ಯತ್ಯಾಸ. ಫೆಬ್ರವರಿಯಿಂದ ಮಳೆ ಬರುವವರೆಗೆ ವಾಚರುಗಳು ಎತ್ತರದ ಜಾಗದಲ್ಲಿ ಕೂತು ಹೊಗೆ ನೋಡುತ್ತಾರೆ. ಈಗ ಮೇಲಿನಿಂದಲೂ ನೋಡುವವರಿದ್ದಾರೆ. ಟೆರ್ರಾ, ಆಕ್ವಾ ಎಂಬ ಉಪಗ್ರಹಗಳಲ್ಲಿನ ಮೋಡಿಸ್ ಉಪಕರಣ ಒಂದು ಕಿಲೋಮೀಟರಿನ ಚೌಕದಲ್ಲಿ, ಆಮೇಲೆ ಬಂದ ವೀರ್ಸ್ ಉಪಕರಣ 375 ಮೀಟರಿನ ಚೌಕದಲ್ಲಿ ಶಾಖವನ್ನು ಗುರುತಿಸುತ್ತವೆ. ಡೆಹರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯಿಂದ ನಮ್ಮ ಮೊಬೈಲಿಗೆ ಸಂದೇಶ ಬರುತ್ತದೆ, ಇಂಥ ಅಕ್ಷಾಂಶ, ಇಂಥ ರೇಖಾಂಶದಲ್ಲಿ ಬೆಂಕಿ ಇದೆ ಎಂದು. ಒಳ್ಳೆಯದೇ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ತಲೆಯ ಮೇಲೆ ಹಾದು ಹೋಗುತ್ತದೆ. ಅದು ಹೋದ ಮೇಲೆ ಹತ್ತಿದ ಹುಲ್ಲಿನ ಬೆಂಕಿ, ಅದು ಮರಳಿ ಬರುವುದರೊಳಗೆ ಒಂದು ಗುಡ್ಡ ತಿಂದಿರುತ್ತದೆ. ಮರದ ಮೇಲೆ ಕೂತ ವಾಚರ್‌ಗೆ ಅದು ಮೊದಲ ಎಳೆ ಹೊಗೆಯಲ್ಲೇ ಗೊತ್ತಾಗುತ್ತದೆ.

ಆ ವಾಚರುಗಳಲ್ಲಿ ಬಹಳ ಮಂದಿ ಕಾಡಂಚಿನ ಹಾಡಿಯವರು, ದಿನಗೂಲಿಯವರು. ನಾನು ಕೆಲಸ ಮಾಡಿದ ಒಂದು ಕಡೆ ಅವರ ಕೂಲಿ ಮೂರು ತಿಂಗಳು ಬರಲಿಲ್ಲ. ಅವರು ಕೂಲಿ ಕೇಳಿದರೆ ನಾನು ಮೇಲಿನವರ ಕಡೆ ಬೆರಳು ತೋರಿಸುತ್ತಿದ್ದೆ, ಅವರು ಇನ್ನೂ ಮೇಲಕ್ಕೆ ತೋರಿಸುತ್ತಿದ್ದರು. ಆ ವರ್ಷದ ರೇಖೆಗಳು ಅರೆಬರೆ ಆದವು. ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ಕಾರಣ ಹುಡುಕುವ ಸಭೆಗಳಲ್ಲಿ ಈ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇವತ್ತು ಪಿಂಚಣಿದಾರನಾದ ಮೇಲೆ ಎತ್ತುತ್ತಿದ್ದೇನೆ, ಇದರಲ್ಲಿ ದೊಡ್ಡ ಧೈರ್ಯವೇನೂ ಇಲ್ಲ.

ಬೆಂಕಿ ಹಚ್ಚುವವರು ಯಾರು ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಬಿದಿರು ಒಂದಕ್ಕೊಂದು ತಿಕ್ಕಿ ಬೆಂಕಿ ಹತ್ತುತ್ತದೆ ಎಂದು ಶಾಲೆಯಲ್ಲಿ ನಾವು ಬರೆದದ್ದುಂಟು, ಅದಕ್ಕೆ ಅಂಕವೂ ಸಿಕ್ಕಿತ್ತು. ನನ್ನ ನೌಕರಿಯಲ್ಲಿ ನಾನು ಅಂಥದ್ದನ್ನು ಒಂದೂ ನೋಡಲಿಲ್ಲ. ನಮ್ಮ ದೇಶದ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯರು ಹಚ್ಚಿದ್ದೇ. ಬೀಡಿಯ ತುಂಡು ಎಸೆದವರು, ಜೇನು ಬಿಡಿಸಲು ಹೊಗೆ ಹಾಕಿದವರು, ಸುಟ್ಟರೆ ಎಳೆಹುಲ್ಲು ಚಿಗುರುತ್ತದೆಂದು ದನಗಾಹಿಗಳು, ಉದುರಿದ ಕೊಂಬು ಕಾಣಲೆಂದು ತರಗು ಸುಡುವವರು, ಹುಲಿ ದನ ಹಿಡಿಯಿತೆಂಬ ಸಿಟ್ಟಿನವರು, ಇಲಾಖೆಯ ಮೇಲೆ ಸಿಟ್ಟಿನವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ, 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಅಪರಾಧ. ಕೇಸು ಹಾಕಿದ್ದೇನೆ. ಕೋರ್ಟಿನ ಕಟ್ಟೆಯ ಮೇಲೆ ಅವರ ಜೊತೆ ಕೂತು ಚಹಾ ಕುಡಿದಿದ್ದೇನೆ. ಒಬ್ಬ ಹೇಳಿದ್ದು ಮರೆತಿಲ್ಲ: “ಸಾರ್, ಕಾಡು ನಿಮ್ದು, ಹುಲಿ ನಿಮ್ದು. ಸತ್ತ ಹಸು ಮಾತ್ರ ನಂದು.”

ಕೊಂಬಿನವರನ್ನು, ಬೀಡಿಯವರನ್ನು ಬಿಡಿ. ಎಲ್ಲ ಬೆಂಕಿಯೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಏರುವ ಮೊದಲೇ, ತರಗು ಇನ್ನೂ ತೆಳುವಿದ್ದಾಗ, ನೆಲದ ಕಸವನ್ನಷ್ಟೇ ಹಗುರಾಗಿ ಸುಡುತ್ತಿದ್ದರು. ತರಗು ಬೆಂಕಿ ಎಂದು ಅದರ ಹೆಸರು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. 1974ರಲ್ಲಿ ಅದು ಅಭಯಾರಣ್ಯವಾಯಿತು, ಬೆಂಕಿ ಪೂರ್ತಿ ನಿಷೇಧವಾಯಿತು. ಆಮೇಲೆ ತರಗು ಸೇರುತ್ತ ಹೋಯಿತು, ಲಂಟಾನ ತುಂಬಿತು, ನೆಲ್ಲಿ ಮರಗಳಿಗೆ ಬದನಿಕೆ ಹತ್ತಿತು, ಈಗ ಬೆಂಕಿ ಬಿದ್ದರೆ ಮರವನ್ನೇ ಸುಡುತ್ತದೆ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಸಂಶೋಧಕರೂ ಅವರ ಮಾತನ್ನು ಬರೆದಿಟ್ಟಿದ್ದಾರೆ. ಇದಕ್ಕೆ ಒಪ್ಪದ ಅಧಿಕಾರಿಗಳೂ ಇದ್ದಾರೆ. ಬೇಸಾಯದ ಮನೆಯಿಂದ ಬಂದ ನನಗೆ ಆ ಹಿರಿಯರ ಮಾತೇ ಸರಿ ಕಾಣುತ್ತದೆ. ನಾವು ರೇಖೆಯ ಮೇಲೆ ಜನವರಿಯಲ್ಲಿ ಮಾಡುವುದನ್ನೇ ಅವರು ಇಡೀ ಕಾಡಿನಲ್ಲಿ ಮಾಡುತ್ತಿದ್ದರು.

ಈಗ ನಮ್ಮ ಊರಿಗೆ ಬರುತ್ತೇನೆ, ಗುರುಗಳು ಗಡಿಯಾರ ನೋಡುತ್ತಿದ್ದಾರೆ.

ನಾನು ಓದುವಾಗ ಇಲ್ಲಿ ಉರಿಯಲು ಏನೂ ಇರಲಿಲ್ಲ. ಇವತ್ತು ಇದೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಭಾಗದ ಕೆರೆಗಳಿಗೆ ಬಂದಿದೆ. ತಿಕೋಟಾ ಕಡೆ ದ್ರಾಕ್ಷಿ, ಬಬಲೇಶ್ವರದ ಕಡೆ ಕಬ್ಬು. ಕೋಟಿ ವೃಕ್ಷ ಅಭಿಯಾನ ಎಂದು ಜಿಲ್ಲೆಯ ತುಂಬ ಗಿಡ ನೆಟ್ಟರು. ಮಮದಾಪುರದ ಮೀಸಲು ಅರಣ್ಯದಲ್ಲಿ ಹೆಸರಿಗಷ್ಟೇ ಅರಣ್ಯವಾಗಿದ್ದ ಬೋಳು ನೆಲದ ಮೇಲೆ ಇವತ್ತು ನಿಜವಾದ ನೆರಳಿದೆ. ನಿವೃತ್ತನಾಗಿ ಬಂದ ವರ್ಷ ಅಲ್ಲಿಗೆ ಹೋಗಿ ಒಂದು ಇಡೀ ಮುಂಜಾನೆ ಸುಮ್ಮನೆ ಅಡ್ಡಾಡಿದೆ. ಗಿಡಗಳ ನಡುವೆ ಆಳೆತ್ತರದ ಹುಲ್ಲು. ದನ ಬಿಡದ ಕಡೆ ಹುಲ್ಲು ಹಾಗೆಯೇ ಬೆಳೆಯುತ್ತದೆ. ಸಂತೋಷದ ಜೊತೆ ನನ್ನ ಹೊಟ್ಟೆಯಲ್ಲಿ ಹಳೆಯ ಫೆಬ್ರವರಿಯ ಹೆದರಿಕೆ ಎದ್ದಿತು. ಗದಗದ ಕಪ್ಪತಗುಡ್ಡವೂ ಹೀಗೇ, ಹುಲ್ಲಿನ ಗುಡ್ಡ, ಬೇಸಿಗೆಯಲ್ಲಿ ಅಲ್ಲಿ ಬೆಂಕಿಯ ಸುದ್ದಿ ತಪ್ಪುವುದಿಲ್ಲ.

ಹೆದರಿಕೆ ನಿಜವಾದದ್ದು ಮನೆಯ ಹತ್ತಿರವೇ. ಹೋದ ಬೇಸಿಗೆಯಲ್ಲಿ ರಸ್ತೆಬದಿ ನೆಟ್ಟ ಬೇವು, ಹೊಂಗೆಗಳ ಸಾಲಿನಲ್ಲಿ ಹನ್ನೊಂದು ಗಿಡಗಳು ಹೊಲದ ಕಡೆಯ ಮಗ್ಗುಲು ಸುಟ್ಟು ನಿಂತಿದ್ದವು. ಒಂದು ಬದಿ ತೊಗಟೆ ಕರಿಯಾಗಿ ಸೀಳಿತ್ತು. ಹತ್ತು ವರ್ಷ ಟ್ಯಾಂಕರಿನಲ್ಲಿ ನೀರು ಹಾಕಿ ಬೆಳೆಸಿದ ಗಿಡ. ಒಡ್ಡಿನ ಕಸಕ್ಕೆ ಹಚ್ಚಿದ ಬೆಂಕಿ ರಸ್ತೆಯವರೆಗೆ ಹೋಗಿತ್ತು. ಯಾರ ಒಡ್ಡು ಎಂದು ಕೇಳಬೇಡಿ ಎನ್ನುತ್ತಿದ್ದೆ, ಆದರೆ ಅರ್ಧ ಊರಿಗೆ ಗೊತ್ತಿದೆ. ಅದು ನಮ್ಮದೇ ಒಡ್ಡು. ಹಚ್ಚಿದವನು ನನ್ನ ತಮ್ಮ, ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ, ಹೇಳಲು ಅವನ ಒಪ್ಪಿಗೆ ಪಡೆದೇ ಬಂದಿದ್ದೇನೆ. ನಾನು ಸಿಟ್ಟಿಗೆದ್ದಾಗ ಅವನು ಹೇಳಿದ: “ಅಣ್ಣಾ, ನೀ ಅಲ್ಲೆ ಕಾಡಿನ ಬೆಂಕಿ ಆರಸ್ಕೋತ ಇದ್ದಿ. ಇಲ್ಲೆ ಒಡ್ಡಿನ ಕಸಾ ತಗೀಲಾಕ ಆಳ ಎಲ್ಲಿ ಸಿಗತಾವ? ಎಲ್ಲಾರೂ ಹಚ್ಚತಾರ, ನಾನೂ ಹಚ್ಚಿದೆ.” ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗುಂಡ್ಲುಪೇಟೆಯ ದನಗಾಹಿಗಳಿಗೆ ಮೂವತ್ತು ವರ್ಷ ತಿಳಿಹೇಳಿದವನು ನನ್ನ ಮನೆಯಲ್ಲಿ ಒಂದು ದಿನ ಈ ಮಾತು ಎತ್ತಿರಲಿಲ್ಲ.

ಕಬ್ಬಿನ ರವದಿಯದ್ದೂ ಇದೇ ಕಥೆ. ಒಂದು ಎಕರೆಗೆ ಮೂರು ನಾಲ್ಕು ಟನ್ ರವದಿ ಬೀಳುತ್ತದೆ. ಸುಟ್ಟರೆ ಅದರೊಳಗಿನ ಸಾರಜನಕ ಹೊಗೆಯ ಜೊತೆ ಹೋಗುತ್ತದೆ, ಆಮೇಲೆ ಅದನ್ನೇ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೀರಿ. ಪುಡಿ ಮಾಡಿ ಸಾಲಿನಲ್ಲಿ ಹಾಸಿದರೆ ತೇವವೂ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ರವದಿ ಇದ್ದರೆ ಇಲಿ ಸೇರುತ್ತದೆ, ಹಾವಿನ ಅಂಜಿಕೆ, ನೀರು ಸರಿಯಾಗಿ ಹರಿಯುವುದಿಲ್ಲ, ಪುಡಿ ಮಾಡುವ ಯಂತ್ರದ ಬಾಡಿಗೆ ಯಾರು ಕೊಡುತ್ತಾರೆ ಎಂದು ನೀವು ಕೇಳುತ್ತೀರಿ. ಸುಳ್ಳಲ್ಲ. ಇವತ್ತೇ ಎಲ್ಲರೂ ಸುಡುವುದು ಬಿಡಿ ಎಂದು ನಾನು ಹೇಳಿದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಸುಡುತ್ತೀರಿ. ಆದ್ದರಿಂದ ಸುಡಲೇಬೇಕಾದವರಿಗೆ ನನ್ನ ಕಸುಬಿನ ಮಾತು ಹೇಳುತ್ತೇನೆ. ಮಧ್ಯಾಹ್ನ ಹಚ್ಚಬೇಡಿ, ಗಾಳಿ ತಗ್ಗಿದ ಸಂಜೆ ಹಚ್ಚಿ. ಹಚ್ಚುವ ಮೊದಲು ಹೊಲದ ಸುತ್ತ ಟ್ರ್ಯಾಕ್ಟರಿನಲ್ಲಿ ಎರಡು ಸುತ್ತು ನೇಗಿಲು ಹೊಡೆದು ಮಣ್ಣು ಮೇಲೆ ಮಾಡಿ. ಗಾಳಿ ಹೋಗುವ ದಿಕ್ಕಿನ ಅಂಚಿನಿಂದ ಮೊದಲು ಹಚ್ಚಿ, ಬೆಂಕಿ ಗಾಳಿಗೆ ಎದುರಾಗಿ ನಿಧಾನ ಹಿಂದಕ್ಕೆ ಬರಲಿ. ಮಗ್ಗಲ ಹೊಲದವನಿಗೆ ಹೇಳಿ ಹಚ್ಚಿ. ಕೊನೆಯ ಕೆಂಡ ಆರುವವರೆಗೆ ಅಲ್ಲೇ ಇರಿ. ಹಚ್ಚಿ ಚಹಾ ಕುಡಿಯಲು ಬಂದವರಿಂದಲೇ ಅರ್ಧ ಅನಾಹುತ ಆಗುವುದು, ನನ್ನ ತಮ್ಮನೂ ಅವತ್ತು ಚಹಾಕ್ಕೆ ಬಂದಿದ್ದ.

ಮಕ್ಕಳೇ, ನಿಮಗೊಂದು ಕೆಲಸ ಇಟ್ಟುಕೊಂಡಿದ್ದೇನೆ. ಈಗ ಡಿಸೆಂಬರ್, ಹುಲ್ಲು ಇನ್ನೂ ಅರೆಹಸಿ ಇದೆ. ಬೆಂಕಿ ರೇಖೆಗೆ ಸರಿಯಾದ ತಿಂಗಳು. ರಸ್ತೆಯ ಗಿಡಗಳ ಸಾಲಿಗೂ ಹೊಲಗಳ ಒಡ್ಡಿಗೂ ನಡುವೆ ಆರು ಅಡಿ ಅಗಲ ಹುಲ್ಲು ಕೆರೆದು ನೆಲ ಬತ್ತಲೆ ಮಾಡಿದರೆ ಈ ಬೇಸಿಗೆಗೆ ಸಾಕು. ಪ್ರತಿ ಗಿಡದ ಬುಡದಲ್ಲಿ ಒಂದು ಮಾರು ಸುತ್ತ ಕಸ ತೆಗೆಯಬೇಕು, ತೆಗೆದ ಕಸ ಗಿಡಕ್ಕೆ ಒರಗಿಸಿ ಇಡಬಾರದು, ತಿಪ್ಪೆಗೆ ಒಯ್ಯಬೇಕು. ಸುಟ್ಟ ಹನ್ನೊಂದರಲ್ಲಿ ಏಳು ಗಿಡ ಮಳೆಗಾಲದಲ್ಲಿ ಮತ್ತೆ ಚಿಗುರಿವೆ. ನಾಲ್ಕು ಹೋದವು, ಅಲ್ಲಿ ಹೊಸ ಸಸಿ ಇಡಲು ಗುಂಡಿ ತೋಡಿದ್ದೇವೆ.

ಬರುವ ಭಾನುವಾರ ಮುಂಜಾನೆ ಏಳಕ್ಕೆ ಶಾಲೆಯ ಗೇಟಿನಿಂದ ಹೊರಡುವುದು. ತಮ್ಮ ಟ್ರ್ಯಾಕ್ಟರ್ ತರುತ್ತೇನೆಂದಿದ್ದಾನೆ, ಡೀಸೆಲ್ ನನ್ನದು. ಕುರ್ಪಿ, ಸಲಿಕೆ ಇದ್ದವರು ತನ್ನಿ. ಇಲ್ಲದವರು ಕೈಬೀಸಿಕೊಂಡು ಬನ್ನಿ, ಕಸ ಹೊರಲು ಬೇಕು. ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ, ಹುಲ್ಲು ಕೊಯ್ಯುತ್ತದೆ. ನನ್ನ ವಾರಿಗೆಯವರು ಮೊಣಕಾಲು ನೋವೆಂದು ತಪ್ಪಿಸಿಕೊಳ್ಳಬೇಡಿ, ನಿಮಗೆ ನೆರಳಿನಲ್ಲಿ ಕೂತು ಬೈಯುವ ಕೆಲಸ ಕೊಡುತ್ತೇನೆ. ಅವಲಕ್ಕಿ, ಚಹಾ ನಮ್ಮ ಮನೆಯಿಂದ ಬರುತ್ತದೆ.